ಊರಿನ ಒಂದು ಮಗು

ಝೀರಿಕ್‌ಝೇ ಪಟ್ಟಣದ ವೈದ್ಯ ಲೀವೆನ್ ತನ್ನ ಹಳೆಯ ಸಹಪಾಠಿ, ಲೈಡನ್ನಿನಲ್ಲಿ ದೇಹರಚನೆ ಕಲಿಸುವ ಪ್ರಾಧ್ಯಾಪಕ ಹೆಸ್ಸೆಲ್‌ಗೆ ಬರೆದ ಮೊದಲ ಕಾಗದದಲ್ಲೇ ಸುಳ್ಳು ಹೇಳಿದ. 'ನಮ್ಮ ಊರಿನ ಒಂದು ಮಗು' ಎಂದು ಬರೆದ. ಮಗು ಅವನ ಸ್ವಂತ ಮಗಳು ಆಲೆಟ್ಟಾಳದು, ಹೆಸರು ಯೋಸ್ಟ್. ಅತ್ತರೆ ಸಾಕು, ತುಟಿ, ಉಗುರು ನೀಲಿಗಟ್ಟುತ್ತಿದ್ದವು. ಎದೆಯ ಮೇಲೆ ಅಂಗೈಯಿಟ್ಟರೆ ಒಳಗೆ ಏನೋ ಗರಗರ ನಡುಗುತ್ತಿತ್ತು.

ತಾನೇ ಮಗುವಿನ ತಾತ ಅಂತ ತಿಳಿದರೆ ಹೆಸ್ಸೆಲ್ ಸಮಾಧಾನ ಬರೆದಾನು. ಲೀವೆನ್‌ಗೆ ಬೇಕಾಗಿದ್ದದ್ದು ನಿಜ. ತುಂಬು ಬಸುರಿ ಆಲೆಟ್ಟಾ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುಮೆಟ್ಟು ಕಟ್ಟಿಕೊಂಡು ಜಾರುತ್ತ ಸಂತೆಗೆ ಹೊರಟವಳು ದೊಪ್ಪನೆ ಬಿದ್ದಿದ್ದಳು. ಮಗು ನೀಲಿಯಾದಾಗ ಎಲ್ಲರೂ ಅದನ್ನೇ ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಲಾದೀತೆ? ಆದರೆ ಮೊದಲು ಆಡಿದವನು ಲೀವೆನ್ನೇ. "ನೀನು ಅವತ್ತು ಬೀಳದೇ ಇದ್ದಿದ್ರೆ" ಎಂದುಬಿಟ್ಟಿದ್ದ, ಬುದ್ಧಿವಂತ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ತೊಟ್ಟಿಲ ಪಕ್ಕ ಕೂತು ಮಗುವಿನ ಕ್ಷಮೆ ಕೇಳುವುದನ್ನು ಅವನು ಕೇಳಿಸಿಕೊಳ್ಳಬೇಕಾಯಿತು.

ಹೆಸ್ಸೆಲ್‌ನ ಉತ್ತರಗಳಲ್ಲಿ ನಯನಾಜೂಕಿರಲಿಲ್ಲ. ಹೃದಯದ ನಡುಗೋಡೆಯಲ್ಲಿ ತೂತಿರಬೇಕು, ಮದ್ದಿಲ್ಲ, ಬೆಚ್ಚಗಿಡಿ ಎಂದ. ಏಟಿನಿಂದ ಆಗಿರಬಹುದೇ ಎಂದು ಕೇಳಿದರೆ, ಹೃದಯ ನೋಡದೆ ಹೇಳಲಾರೆ, ಕಾಲ ಬಂದಾಗ ಅದನ್ನು ನನಗೆ ಕಳಿಸು ಎಂದು ಬರೆದ. ಲೀವೆನ್ ಆ ಕಾಗದವನ್ನು ಒಲೆಗೆ ಹಾಕಿದ.

ಯೋಸ್ಟ್ ಎರಡನೇ ಚಳಿಗಾಲ ದಾಟಲಿಲ್ಲ.

"ನನ್ನಿಂದಲೇ ಹೀಗಾಯ್ತಾ ಅಪ್ಪಾ? ನಿಜ ಹೇಳು."

"ಗೊತ್ತಿಲ್ಲ ಮಗಳೇ. ಗೊತ್ತುಮಾಡ್ಕೊಳ್ಳೋಕೆ ಒಂದೇ ದಾರಿ. ಅದನ್ನ ನಿನ್ನ ಹತ್ರ ಹೇಗೆ ಕೇಳ್ಲಿ?"

ವೈದ್ಯನ ಮಗಳಿಗೆ ಅರ್ಥವಾಯಿತು. ತುಂಬ ಹೊತ್ತು ಮಗುವಿನ ಕಾಲು ಸವರುತ್ತ ಕೂತಳು. "ತಪ್ಪು ನಂದೇ ಅಂತ ಬಂದ್ರೂ ಮುಚ್ಚಿಡಬೇಡ" ಎಂದಳು.

ಮದ್ಯಸಾರ ತುಂಬಿದ ಜಾಡಿಯಲ್ಲಿ ಯೋಸ್ಟ್‌ನ ಹೃದಯ ದೋಣಿ ಹತ್ತಿ ಲೈಡನ್ನಿಗೆ ಹೋಯಿತು. ಮಂಜು ಕರಗುವ ಹೊತ್ತಿಗೆ ಕಾಗದದ ಜೊತೆ ಒಂದು ಪುಟ್ಟ ಪೆಟ್ಟಿಗೆಯೂ ಬಂತು. ಲೀವೆನ್ ಲ್ಯಾಟಿನ್ನಿನಲ್ಲಿದ್ದದ್ದನ್ನು ಮಗಳಿಗೆ ಮನೆಮಾತಿನಲ್ಲಿ ಹೇಳುತ್ತ ಹೋದ.

'ತೂತಿನ ಅಂಚು ನುಣುಪಾಗಿದೆ. ಹರಿದ ಗುರುತಿಲ್ಲ, ಗಾಯ ಮಾಯ್ದ ಕಲೆಯಿಲ್ಲ. ಇದು ಬಿದ್ದು ಆದದ್ದಲ್ಲ. ಆ ಗೋಡೆ ಮೊದಲಿನಿಂದಲೇ ಪೂರ್ತಿ ಬೆಳೆದಿರಲಿಲ್ಲ.'

ಮುಂದಿನ ಸಾಲು ನೋಡಿ ಅವನು ಕಾಗದ ಮಡಚತೊಡಗಿದ. ಇನ್ನೇನಿದೆ ಎಂದು ಅವಳು ಬಿಡದೆ ಕೇಳಿದಳು.

'ಮಗು ನಿನ್ನ ಕೂದಲಟೋಪಿ ಎಳೆದು ನಗುತ್ತದೆ ಎಂದು ನೀನು ಎರಡನೇ ಕಾಗದದಲ್ಲಿ ಬರೆದಿದ್ದೆ. ಊರವರ ಮಗುವಿನ ಬಗ್ಗೆ ಯಾವ ವೈದ್ಯನೂ ಅದನ್ನು ಬರೆಯುವುದಿಲ್ಲ. ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ನಾನೊಬ್ಬನೇ ನೋಡಿದೆ. ಹೃದಯವನ್ನು ನನ್ನ ಸಂಗ್ರಹಕ್ಕೆ ಇಟ್ಟುಕೊಂಡಿಲ್ಲ. ಪೆಟ್ಟಿಗೆಯಲ್ಲಿದೆ, ಮಗುವಿನ ಜೊತೆ ಮಣ್ಣು ಮಾಡು.'

ಲೀವೆನ್ ಕನ್ನಡಕ ತೆಗೆದ. "ಆ ಮಾತು ನಾನು ಆಡಬಾರದಿತ್ತಮ್ಮ" ಎಂದ.

ಆಲೆಟ್ಟಾ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡಳು. "ಅಂಚು ನುಣುಪಾಗಿದೆ ಅನ್ನೋದನ್ನ ಇನ್ನೊಂದ್ಸಲ ಓದಪ್ಪ" ಎಂದಳು.