ಟಕ್, ಸರ್ರ್

"ಇದನ್ನ ಯಾರು ಕಟ್ಟಿದ್ರು?" ಎನ್ನುತ್ತಲೇ ಶಿವಬಸಪ್ಪ ಕಾಕಾ ಮಂಡಿಯೂರಿ, ದಾಕ್ಷಾಯಿಣಿಯ ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ಬಿಗಿದಿದ್ದ ದಾರ ಬಿಚ್ಚತೊಡಗಿದರು. ನಾಗಪುರದ ಪಕ್ಕದ ಕಾಮಠಿಯಿಂದ ಆಗಷ್ಟೇ ಬಂದಿಳಿದಿದ್ದರು. ಹೆಗಲ ಚೀಲವನ್ನೂ ಇಳಿಸಿರಲಿಲ್ಲ.

ಕಟ್ಟಿದವರು ನೆರೆಮನೆಯ ಮರಾಠಿ ಹೆಂಗಸರು. ಅದು ಅವರ ಪದ್ಧತಿ. ಆದರೆ ನಸುಕಿನಲ್ಲಿ ಆಸ್ಪತ್ರೆಯಿಂದ ಅವ್ವನನ್ನು ತಂದಾಗ ಉದ್ದಕ್ಕೆ ಮಲಗಿಸಿ ಎಂದವಳು ಮಗಳು ಶಾಂಭವಿಯೇ. ನಾಗಪುರದಲ್ಲೇ ಹುಟ್ಟಿ ಬೆಳೆದವಳು. ಲಿಂಗಾಯತರು ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆಂದು ಗೊತ್ತಿತ್ತು, ಮೈ ಸೆಟೆಯುವ ಮೊದಲೇ ಕೂರಿಸಬೇಕೆಂದು ಗೊತ್ತಿರಲಿಲ್ಲ.

"ಜೀವ ಹೋದ ಕೂಡಲೇ ಕೂಡಿಸಬೇಕಿತ್ತವ್ವಾ," ಕಾಕಾ ಮೊಳಕಾಲು ಮುಟ್ಟಿ ನೋಡಿದರು. "ಈಗ ಹಲಗಿ ಆಗ್ಯಾವ. ಹೊರಗ ಇಬ್ಬರು ಗಟ್ಟಿ ಹುಡುಗರು ಅದಾರ, ಒತ್ತಿ ಮಡಚತಾರ. ಸ್ವಲ್ಪ ಸಪ್ಪಳ ಬರ್ತದ. ನೀ ಒಳಗ ಹೋಗು."

ಶಾಂಭವಿ ಒಳಗೆ ಹೋಗಲಿಲ್ಲ. "ಮುರಿಯೂದು ಬ್ಯಾಡ ಕಾಕಾ. ಹಿಂಗ ಮಲಗಿಸಿನ ಒಯ್ಯೂಣು."

ಕಾಕಾ ಸಿಟ್ಟಾಗಲಿಲ್ಲ. ಹಾಗಾಗಿದ್ದರೆ ಚೆನ್ನಿತ್ತು. ಮೆಲ್ಲಗೆ ಕೇಳಿದರು: "ನಿಮ್ಮಪ್ಪ ಅಲ್ಲಿ ಮಣ್ಣಾಗ ಕುಂತಾನ. ಅವನ ಬಾಜೂಕ ಇಕಿ ಮಲಗಬೇಕೇನು?"

ಶಾಂಭವಿ ಬಿಚ್ಚಿದ ದಾರವನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು.

*

ದಾಕ್ಷಾಯಿಣಿ ಸಿವಿಲ್ ಲೈನ್ಸಿನ ಹತ್ತಿರ ಡಾಕ್ಟರ್ ಮುರಳೀಧರ ಅವರ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು. ಬಿಲ್ಲು ಹಿಡಿದ ಹೆಂಗಸೇನೋ ಹೌದು, ಬತ್ತಳಿಕೆಯ ತುಂಬ ಇದ್ದದ್ದು ಮಾತ್ರ ಮಂದಿಯ ದನಿ, ಮಂದಿಯ ನಡಿಗೆ. ವಿಮೆಯವರು ಫೋನಿನಲ್ಲಿ ರಾಗ ಎಳೆದರೆ ಅದೇ ರಾಗವನ್ನು, ಅದೇ ಮೂಗಿನಿಂದ, ಅವರಿಗೇ ಮರಳಿಸುವಳು.

ಶಾಂಭವಿ ಕಾಲೇಜು ಮುಗಿಸಿ ಅಲ್ಲಿಯ ಬೆಂಚಿನ ಮೇಲೆ ಅವ್ವನಿಗಾಗಿ ಕಾಯುತ್ತಿದ್ದ ದಿನಗಳು ಅವು. ಪಕ್ಕದಲ್ಲಿ ಕಾಮಠಿಯ ನಿವೃತ್ತ ಸುಬೇದಾರ ಗಿರಿಧರ ವಾನಖೇಡೆ ಕೂತಿದ್ದರು. ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ವಿಮೆಯವನು ಫೋನಿನಲ್ಲಿ, ಇನ್ನು ಚಿಕಿತ್ಸೆ ಸಾಕು, ಮಂಜೂರು ಮಾಡುವುದಿಲ್ಲ ಎನ್ನುತ್ತಿದ್ದ. ದಾಕ್ಷಾಯಿಣಿ ವಾದಿಸಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದಳು, ಅಂಗೈಯನ್ನು ಮೇಜಿನುದ್ದ ಎಳೆದಳು. ಟಕ್, ಸರ್ರ್. ಟಕ್, ಸರ್ರ್.

"ಸುನಾ ಸಾಬ್?" ಎಂದಳು. ಕೇಳಿಸಿತೇ, ಸುಬೇದಾರರು ಬಾಗಿಲಿನಿಂದ ಕುರ್ಚಿಗೆ ಬರುವ ಸದ್ದು ಇದು, ಸಾಕೋ ಬೇಕೋ ನೀವೇ ಹೇಳಿ ಎಂದು ಹಿಂದಿಯಲ್ಲಿ ಕೇಳಿದಳು.

ಅತ್ತ ಕಡೆ ಕಾಗದ ತಿರುವುವ ಸದ್ದು. ಇತ್ತ ಸುಬೇದಾರರು, ತಮ್ಮ ಕಾಲು ತಮ್ಮನ್ನು ಬಿಟ್ಟು ಆ ಮೇಜಿನ ಮೇಲೆ ನಡೆದುಹೋದದ್ದನ್ನು ಕಂಡವರ ಹಾಗೆ ಬಾಯಿ ತೆರೆದು ಕೂತಿದ್ದರು. ಮಂಜೂರಾಯಿತು. ತಿಂಗಳುಗಳ ಮೇಲೆ, ಕೊನೆಯ ಬಿಲ್ಲು ಕೊಡುವಾಗ, ಆಕೆ ಮೊದಲು ಹಳೆಯ ನಡಿಗೆಯನ್ನು ಕುಟ್ಟಿ, ಆಮೇಲೆ ಹೊಸದನ್ನು ಕುಟ್ಟಿ ಕೇಳಿಸಿದಳು. ಟಕ್, ಟಕ್. ಸುಬೇದಾರರು ಕೌಂಟರಿಗೆ ಸೆಲ್ಯೂಟ್ ಹೊಡೆದಿದ್ದರು.

ಒಳಗೆ ಡಾಕ್ಟರು ಯಾರದೋ ಮಂಡಿ ಮಡಚುವಾಗ ನರಳಾಟ ಕೇಳಿದರೆ ಕೌಂಟರಿನಿಂದ ಅವಳ ದನಿ ಏಳುತ್ತಿತ್ತು: "ಹಳೂಕ ರೀ ಡಾಕ್ಟ್ರ, ಅದು ಮೊಳಕಾಲು, ಗೂಟ ಅಲ್ಲ." ಕನ್ನಡ ಬಾರದ ರೋಗಿಗಳೂ ನಗುತ್ತಿದ್ದರು. ನಿಮ್ಮ ಕೆಲಸ ಬಿಲ್ ಹಾಕೋದು ಮೇಡಂ ಎಂದು ಡಾಕ್ಟರು ರೇಗಿದರೆ, ನೀವು ಮುರಿದುಬಿಟ್ಟರೆ ಯಾವ ಹೆಸರಿನಲ್ಲಿ ಹಾಕಲಿ ಎಂದು ಕೇಳುವಳು.

*

ಗಟ್ಟಿ ಹುಡುಗರು ಒಳಗೆ ಬರುವುದಕ್ಕೂ ಡಾಕ್ಟರ್ ಮುರಳೀಧರ ಅವರು ಸುಬೇದಾರರೊಂದಿಗೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಕಾಕಾ ಸಂಗತಿ ಹೇಳಿದರು. ಡಾಕ್ಟರು ಅಂಗಿಯ ತೋಳು ಮಡಚಿ ನೆಲಕ್ಕೆ ಕೂತರು.

"ಅವಸರ ಮಾಡಬೇಡಿ. ನಾನು ನೋಡ್ತೀನಿ."

ಮೊಳಕಾಲಿನ ಕೆಳಗೆ ಒಂದು ಕೈ, ಹಿಮ್ಮಡಿಗೆ ಒಂದು ಕೈ. ರೂಢಿಯ ಬಲದಿಂದ "ಉಸಿರು ಬಿಡಿ" ಎಂದುಬಿಟ್ಟರು. ಅಂದದ್ದೇ ತಡ, ಕೈ ನಿಂತಿತು. ಕಿವಿ ಕೆಂಪಾಯಿತು. ಎಷ್ಟೋ ಕಾಲುಗಳನ್ನು ಮಣಿಸಿದ ಆ ಕೈ ಇನ್ನು ಅಲ್ಲಾಡಲಾರದೇನೋ ಎಂದು ಶಾಂಭವಿಗೆ ಅನಿಸಿತು. ಹುಡುಗರಲ್ಲೊಬ್ಬ ಒಂದು ಹೆಜ್ಜೆ ಮುಂದೆ ಬಂದ.

ಆಗ ಬಾಗಿಲ ಕಡೆಯಿಂದ ದನಿ ಬಂತು: "ಹಳೂಕ ರೀ ಡಾಕ್ಟ್ರ, ಅದು ಮೊಳಕಾಲು, ಗೂಟ ಅಲ್ಲ."

ಸುಬೇದಾರರು. ಮರಾಠಿ ಹಿಂದಿ ಬಿಟ್ಟು ಬೇರೆ ಭಾಷೆ ಅರಿಯದ ಮನುಷ್ಯ. ಆದರೆ ಏರಿಳಿತ, ಕೊನೆಯಲ್ಲಿ ಒಂದಿಷ್ಟು ನಗುವನ್ನು ನುಂಗುವ ರೀತಿ, ಎಲ್ಲ ಅವ್ವನದೇ. ತಾವೇನು ಹೇಳುತ್ತಿದ್ದೇವೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಾಕಾ ತಲೆಯ ಟೋಪಿ ತೆಗೆದರು.

ಡಾಕ್ಟರ ಕೈ ಮತ್ತೆ ಚಲಿಸಿತು. ಒತ್ತುವುದು, ಹಿಡಿದಿರುವುದು, ಕಾಯುವುದು, ಮತ್ತೆ ಕೂದಲೆಳೆಯಷ್ಟು. ಶಾಂಭವಿ ಆ ಸಪ್ಪಳಕ್ಕಾಗಿ ಹಲ್ಲು ಕಚ್ಚಿ ಕಾದಳು. ಬರಲಿಲ್ಲ. ಮೊಳಕಾಲು ಮಣಿಯಿತು, ದಣಿದು ಬಂದವಳು ಚಾಪೆಯ ಮೇಲೆ ಕೂರುವಾಗ ಮಣಿಯುವ ಹಾಗೆ. ಆಮೇಲೆ ಸೊಂಟ, ಆಮೇಲೆ ಇನ್ನೊಂದು ಕಾಲು. ಬಿಸಿಲು ಹೊಸ್ತಿಲಿನಿಂದ ಗೋಡೆಗೆ ಸರಿಯುವ ಹೊತ್ತಿಗೆ ದಾಕ್ಷಾಯಿಣಿ ಹಣೆತುಂಬ ವಿಭೂತಿ, ಅಂಗೈಯಲ್ಲಿ ಲಿಂಗದೊಂದಿಗೆ ನೆಟ್ಟಗೆ ಕೂತಿದ್ದಳು.

ಕಾಕಾ ಬಂದು ಆ ಮಡಚಿದ ಕಾಲನ್ನು ಮುಟ್ಟಿದರು. ಬಳಿಕ, ಯಾರೂ ಹೇಳದೆ, ಡಾಕ್ಟರ ಕೈಯನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅವ್ವನನ್ನು ಕೂರಿಸಿಕೊಂಡ, ಹೂ ಮುಚ್ಚಿದ ಬಿದಿರಿನ ವಿಮಾನ ಹೆಗಲೇರಿತು. ಓಣಿ ದಾಟುವಾಗ ಹಿಂದಿನಿಂದ ಒಂದು ಸದ್ದು ಕೇಳಿ ಶಾಂಭವಿ ತಿರುಗಿದಳು. ಬೆಳಿಗ್ಗೆ ನೆಟ್ಟಗೆ ನಡೆದು ಬಂದಿದ್ದ ಸುಬೇದಾರರ ಎಡಗಾಲು ಈಗ ನೆಲ ಒರೆಸುತ್ತಿತ್ತು. ಟಕ್, ಸರ್ರ್.

ಕಾಲು ನೋಯುತ್ತಿದೆಯೇ, ಆಟೋ ಕರೆಯಲೇ ಎಂದು ಅವಳು ಮರಾಠಿಯಲ್ಲಿ ಕೇಳಿದಳು. ಅವರು ಬೇಡವೆಂದು ಕೈಯಾಡಿಸಿದರು. ಕಣ್ಣು ವಿಮಾನದ ಮೇಲೆಯೇ ಇತ್ತು. ಮೇಲೆ ಅವ್ವನ ತಲೆ ಒಂದಿಷ್ಟು ವಾಲಿತ್ತು, ಕೌಂಟರಿನಲ್ಲಿ ಕೂತು ಬಾಗಿಲಾಚೆಯ ಹೆಜ್ಜೆಗೆ ಕಿವಿಗೊಡುವಾಗ ವಾಲುತ್ತಿದ್ದಂತೆ.

ತಿರುವಿನವರೆಗೂ ಅವರು ಹಾಗೆಯೇ, ಅವ್ವ ಮೇಜಿನ ಮೇಲೆ ಕುಟ್ಟಿದ್ದ ಹಳೆಯ ನಡಿಗೆಯಲ್ಲೇ, ಕಾಲೆಳೆದರು. ತಿರುವು ಬಂತು. ಸುಬೇದಾರರು ಬೆನ್ನು ನೆಟ್ಟಗೆ ಮಾಡಿ, ಎಡಗಾಲು ಎತ್ತಿ ಇಟ್ಟರು.

ಟಕ್, ಟಕ್.