ಕಂದನಕಾಯಿ ತಿಂದವಳು

ಎಸ್ನಾತಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆ ಮುಂದೆ ಕೂತರೆ ತಗ್ಗಿನ ಸಸಿಮಡಿಗಳ ಚಿಂತೆ, ಮಡಿಗೆ ನೀರು ಹಾಕಲು ಇಳಿದರೆ ಮನೆಯಲ್ಲಿ ಏನು ಮಾತಾಗುತ್ತಿದೆಯೋ ಎಂಬ ಚಿಂತೆ. ಮೂರು ಸಲ ಇಳಿದು ಮೂರು ಸಲ ಹತ್ತಿದ್ದಳು. ನೀರು ಕುಡಿದ ಮಡಿಗೇ ಮತ್ತೆ ನೀರು ಹೊಯ್ದು ಬಂದಿದ್ದಳು.

ಎನ್‌ಚಿಸಿ ಬೆಟ್ಟಸಾಲಿನಲ್ಲಿ ತಂಬಾಕಿನ ಹೊಲ ಎಲ್ಲರಿಗೂ ಇದೆ, ದಂಬೊ ಇರುವುದು ಕೆಲವರಿಗೆ. ಬೇಸಿಗೆಯಲ್ಲೂ ನೀರು ಒಸರುವ ಆ ತಗ್ಗು ಇಲ್ಲದಿದ್ದರೆ ಮಳೆಗೆ ಮುಂಚೆ ಸಸಿ ಏಳುವುದಿಲ್ಲ. ಸಸಿಯಿಲ್ಲದ ಹೊಲ ಇಟ್ಟುಕೊಂಡು ಮಣ್ಣು ಮುಕ್ಕಬೇಕಷ್ಟೆ. ಈ ದಂಬೊ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಎಸ್ನಾತಿಗೆ ಬಂದದ್ದು. ಇಲ್ಲಿ ನೆಲ ಹೆಣ್ಣಿನದು. ಅವಳ ಪರವಾಗಿ ಮಾತಾಡುವುದು ಮಾತ್ರ ಅಣ್ಣ. ಬೆನ್ನು ಬಗ್ಗಿಸುವವರು ಒಬ್ಬರು, ನಾಲಗೆ ಆಡಿಸುವವರು ಇನ್ನೊಬ್ಬರು. ಎಂಥ ಚೆಂದದ ಏರ್ಪಾಡು ನೋಡಿ.

ಅಣ್ಣ ಲಮೆಕಿ ಇರುವುದು ಗುಡ್ಡದಾಚೆ, ಹೆಂಡತಿಯ ಊರಲ್ಲಿ. ಇವತ್ತು ರಾಜಧಾನಿ ಲಿಲೊಂಗ್ವೆಯ ಚಿಪೇತಾ ಎಂಬ ದುಡ್ಡಿನ ಕುಳವನ್ನು ಕರೆದುಕೊಂಡು ಬಂದಿದ್ದ. ಮೇಲಿನ ಇಳಿಜಾರಿನಲ್ಲಿ ಬೆಣ್ಣೆಹಣ್ಣಿನ ತೋಟ ಹಾಕಲು ಚಿಪೇತಾ ನೆಲ ಹಿಡಿಯುತ್ತಿದ್ದ. ತೋಟದ ನೀರಿಗೆ ದಂಬೊ ಬೇಕು. ಐವತ್ತು ವರ್ಷ ಗುತ್ತಿಗೆ, ಸುತ್ತ ಬೇಲಿ. ಲಮೆಕಿಗೆ ತೋಟದ ಉಸ್ತುವಾರಿ, ಓಡಾಡಲು ಮೋಟಾರ್ ಸೈಕಲ್. ಊಟ ಮುಗಿಸಿ ಲಮೆಕಿ ಹೂಂ ಅನ್ನುವುದೊಂದೇ ಬಾಕಿ.

ಲಮೆಕಿ ಅಡುಗೆ ಗುಡಿಸಲಿಗೆ ತಲೆ ಹಾಕಿದ. "ಕೋಳಿ ಬೆಂತೇನೆ?"

"ಬೇಯ್ತಾ ಇದೆ. ಅಲ್ಲಣ್ಣ, ಬರೋ ವರ್ಷ ಸಸಿ ಎಲ್ಲಿ ಹಾಕ್ಲಿ? ನಿನ್ ಮೋಟಾರ್ ಸೈಕಲ್ ಮೇಲಾ?"

"ಮೊದಲು ನಿನ್ ಬಾಯಿಗೆ ಬೇಲಿ ಹಾಕಿಸ್ಬೇಕು. ತಂಬಾಕು ಇನ್ನೆಷ್ಟು ದಿನ ನಡೆಯತ್ತೆ? ಸೇದೋರೇ ಕಮ್ಮಿ ಆಗ್ತಿದಾರೆ."

"ಬೆಣ್ಣೆಹಣ್ಣು ತಿನ್ನೋರು ನಮ್ಮೂರಲ್ಲಿ ಜಾಸ್ತಿ ಆಗಿದಾರಾ?"

ಲಮೆಕಿಗೆ ನಗು ಬಂತು. ನುಂಗಿಕೊಂಡ. "ದಂಬೊ ನಿಂದು, ಮಾತು ನಂದು. ಅವ್ವನ ಕಾಲದಿಂದ ಹಂಗೇ ಅಲ್ವಾ" ಎಂದು ಹೊರಗೆ ಹೋದ.

ಕೋಳಿ ಕೊಯ್ದರೆ ಅದರ ಹೊಟ್ಟೆಯೊಳಗಿನ ಗಟ್ಟಿ ಮಾಂಸದ ಉಂಡೆ, ಕಂದನಕಾಯಿ, ಮನೆಯ ಪರವಾಗಿ ಮಾತಾಡುವವನ ತಟ್ಟೆಗೇ ಹೋಗಬೇಕು. ಹೆಂಗಸರು ಅದರ ರುಚಿ ಹೇಗೆಂದು ಕೇಳುವುದೂ ತಪ್ಪು. ಎಂಟು ವರ್ಷದವಳಿದ್ದಾಗ ಎಸ್ನಾತಿ ಅದನ್ನು ಅರೆಬೆಂದದ್ದನ್ನೇ ಕದ್ದು ತಿಂದಿದ್ದಳು. ಸೋದರಮಾವ ಕೋಲು ಹಿಡಿದು ನಿಂತಾಗ ಲಮೆಕಿ ಮುಂದೆ ಬಂದು "ನಾನೇ ತಿಂದೆ" ಅಂದಿದ್ದ. ಮೂರು ದಿನ ಅವನಿಗೆ ಬೆನ್ನು ಚಾಪೆಗೆ ಹಚ್ಚಲಾಗಿರಲಿಲ್ಲ.

ಅಂಥ ಅಣ್ಣನ ಮರ್ಯಾದೆ ಪರರ ಮುಂದೆ ತೆಗೆಯುವುದೇ? ಎಸ್ನಾತಿಗೆ ಸಂಕಟವಾಯಿತು. ಎದ್ದಳು, ಕೂತಳು, ಬಾಗಿಲಿಗೆ ಹೋಗಿ ತಗ್ಗಿನ ಹಸಿರು ನೋಡಿದಳು. ವಾಪಸು ಬಂದು ಮಡಕೆಗೆ ಸೌಟು ಹಾಕಿ, ಕಂದನಕಾಯಿ ಹುಡುಕಿ ತೆಗೆದು, ಬಾಯಿ ಸುಡುತ್ತಿದ್ದರೂ ಅಗಿದು ನುಂಗಿದಳು.

ಗಂಡಸರಿಬ್ಬರ ಕೈಗೆ ನೀರು ಹೊಯ್ದು ನ್ಸಿಮಾ ಮುದ್ದೆ, ಕೋಳಿ ಇಟ್ಟಳು. ಲಮೆಕಿ ಬಟ್ಟಲನ್ನು ಒಮ್ಮೆ ಕೆದಕಿದ, ಮತ್ತೊಮ್ಮೆ ಕೆದಕಿದ.

"ಕಂದನಕಾಯಿ ಎಲ್ಲೇ?"

"ನಾನು ತಿಂದೆ. ದಂಬೊ ಮಾತು ಇನ್ಮೇಲೆ ನಾನೇ ಆಡ್ತೀನಿ. ಅದನ್ನ ಕೊಡಲ್ಲ, ಅಣ್ಣ."

ಚಿಪೇತಾನ ಕೈ ಮುದ್ದೆಯ ಮೇಲೇ ನಿಂತಿತು. ಪಟ್ಟಣ ಸೇರಿದ್ದರೂ ಅವನೂ ಈ ಕಡೆಯ ಅವ್ವನ ಮಗನೇ, ಅರ್ಥವಾಗದ್ದೇನೂ ಇರಲಿಲ್ಲ. ಹಗುರವಾಗಿ ನಕ್ಕ.

"ತಂಗಿ ತಮಾಷೆ ಮಾಡ್ತಿದಾರೆ. ಲಮೆಕಿಯವರೇ, ನಾನೇ ತಿಂದೆ ಅಂತ ಒಂದು ಮಾತು ಅಂದ್ಬಿಡಿ. ನಾನು ನಂಬ್ತೀನಿ, ಕೆಲಸ ಮುಗಿಸೋಣ."

ಲಮೆಕಿ ತಂಗಿಯನ್ನೇ ನೋಡಿದ. ಆ ಒಂದು ಮಾತಿಗೆ ದಂಬೊ ಹೋಗುತ್ತದೆ.

"ಆ ಸುಳ್ಳು ಒಂದ್ಸಲ ಹೇಳಿದೀನಿ, ಸ್ವಾಮಿ" ಎಂದ ಲಮೆಕಿ. "ಏಟೂ ತಿಂದಿದೀನಿ. ಇವತ್ತು ತಿಂದಿದ್ದು ಅವಳು. ಏನಿದ್ರೂ ಅವಳನ್ನೇ ಕೇಳಿ."

ಚಿಪೇತಾ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. ಎಸ್ನಾತಿ ಚಾಪೆಯ ಮೇಲೆ ಕುಸಿದು ಕೂತಳು. ಲಮೆಕಿ ಮುದ್ದೆ ಮುರಿಯುತ್ತ, ತಲೆ ಎತ್ತದೆ ಕೇಳಿದ:

"ಈ ಸಲನಾದ್ರೂ ಬೆಂದಿತ್ತೇನೆ?"