ಪರದೆಯ ಬುಡದ ಕುರ್ಚಿ

ಅವನು ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಎಳೆದಾಗ ಪ್ರೊಜೆಕ್ಟರ್ ಆಪರೇಟರ್ ಕೈ ಅಡ್ಡ ಹಿಡಿದ.

"ಆಗಲ್ಲ ಸಾರ್. ನಿಮ್ಮ ತಲೆ ನೆರಳು ನಾಯಕಿ ಮೇಲೆ ಬೀಳುತ್ತೆ. ನಿಮ್ಮ ಪಿಟೀಲು ಕೇಳಿಸಿದ್ರೆ ಸಾಕು, ನೀವು ಕಾಣೋದು ಬೇಡ."

ಅವನು ಪರದೆಯ ಬುಡದಲ್ಲೇ ಕುಳಿತ. ಅಲ್ಲಿಂದ ಮುಖಗಳು ಸೋರೆಕಾಯಿಯಂತೆ ಉದ್ದುದ್ದ ಕಾಣುತ್ತಿದ್ದವು.

ಕಾಲೇಜಿನಲ್ಲಿ ಧ್ವನಿಶಾಸ್ತ್ರ ಕಲಿಸುವ ಅವನು ಹಳೆಯ ಮೂಕಿ ಚಿತ್ರಕ್ಕೆ ಪಿಟೀಲು ನುಡಿಸಲು ಒಪ್ಪಿದ್ದಕ್ಕೆ ಕಾರಣವಿತ್ತು. ಅದರ ಪೇಟೆಯ ದೃಶ್ಯದ ಗುಂಪಿನಲ್ಲಿ ಅವನ ತಾಯಿ ಒಂದು ದಿನದ ಕೂಲಿಗೆ ನಿಂತಿದ್ದಳು. ತಿರುಗಿ ಏನೋ ಮಾತಾಡುತ್ತಾಳಂತೆ. ಅವನಿಗೆ ವರ್ಷ ತುಂಬುವ ಮೊದಲೇ ಅವಳು ತೀರಿಕೊಂಡಿದ್ದಳು. ಮನೆಯಲ್ಲಿ ಒಂದು ಫೋಟೋ ಇತ್ತು. ಅದರಲ್ಲಿ ಬಾಯಿ ಮುಚ್ಚಿತ್ತು. ಇಂದು ಆ ಬಾಯಿಗೆ ಒಂದು ಸ್ವರ ಕೊಡಬೇಕಾಗಿತ್ತು.

ಬರುವ ದಾರಿಯಲ್ಲಿ ಅಕ್ಕನನ್ನು ಕೇಳಿದ್ದ.

"ಅಮ್ಮನ ದನಿ ಹೇಗಿತ್ತು?"

"ಹೇಗಿರುತ್ತೆ? ಬೈದರೆ ಜೋರು, ಇಲ್ಲದಿದ್ರೆ ಮೆತ್ತಗೆ."

"ದಪ್ಪವೋ, ಸಣ್ಣದೋ?"

"ಅವಳೇನು ನಿನ್ನ ಪಿಟೀಲಿನ ತಂತಿಯೇನೋ? ಬೇಗ ನಡಿ, ಮುಂದಿನ ಸಾಲು ತುಂಬಿಹೋಗುತ್ತೆ."

ದೀಪ ಆರಿತು. ಪೇಟೆ ಬಂತು. ಕಳ್ಳನ ಹಿಂದೆ ಪೇದೆ ಓಡಿದ; ಜನ ನಕ್ಕರು; ಕಮಾನು ಕುಣಿಯಿತು. ಆಮೇಲೆ ಬುಟ್ಟಿ ಹಿಡಿದ ಹೆಂಗಸೊಬ್ಬಳು ತಿರುಗಿ ಬಾಯಿ ತೆರೆದಳು. ಅದೇ ಹುಬ್ಬು, ಅದೇ ಗಲ್ಲ. ಅಣಿಮಾಡಿಕೊಂಡಿದ್ದ ಸ್ವರ ಬೆರಳಿಗೆ ಬರಲಿಲ್ಲ. ಕಮಾನು ನಿಂತಿತು. ಯಂತ್ರದ ಕಟಕಟ ಮಾತ್ರ ಉಳಿಯಿತು.

ಆಟ ಮುಗಿದಾಗ ಅದನ್ನು ಏರ್ಪಡಿಸಿದ್ದ ಚಿತ್ರಸಂಘದ ಕಾರ್ಯದರ್ಶಿ ಕೈ ಕುಲುಕಿದರು. "ನಡುವೆ ಒಂದು ಮೌನ ಇಟ್ಟಿರಲ್ಲ, ಅದು ಸಂಗೀತ."

ಅಕ್ಕ ಬಾಗಿಲ ಬಳಿ ಕನ್ನಡಕ ಒರೆಸುತ್ತಿದ್ದಳು.

"ಬುಟ್ಟಿಯವಳು ಬಂದಾಗ ಯಾಕೋ ನಿಲ್ಲಿಸಿಬಿಟ್ಟೆ?"

"ಅಮ್ಮ ಅಲ್ಲವೆ?"

"ಅವಳು ಯಾರೋ. ಅಮ್ಮ ಆಗಲೇ ಬಂದು ಹೋಗಿದ್ದಳು, ಪೇದೆ ಓಡುವಾಗ. ನೀನು ಕುಣಿಸ್ತಾ ಇದ್ದೆ ನೋಡು, ಆಗ."

"ಮಾತಾಡಿದಳೆ?"

"ಹೂಂ."

"ಏನಂದಳು?"

ಅಕ್ಕ ಕನ್ನಡಕ ಹಾಕಿಕೊಂಡಳು. "ಪಿಟೀಲು ಜೋರಾಗಿತ್ತು."

ಅವನು ಆಪರೇಟರ್‌ನ ಬಳಿಗೆ ಹೋದ. ಪೇಟೆಯನ್ನು ಇನ್ನೊಮ್ಮೆ ತೋರಿಸಲು ಸಾಧ್ಯವೆ?

"ಟೈಮಿಲ್ಲ ಸಾರ್, ಡಬ್ಬ ಸಂಜೆ ರೈಲಿಗೆ ಹೋಗಬೇಕು. ಹೇಗೂ ರೀಲು ವಾಪಸ್ ಸುತ್ತಬೇಕು, ದೀಪ ಹಾಕಿಯೇ ಸುತ್ತುತ್ತೀನಿ. ಆದ್ರೆ ಎಲ್ಲ ಉಲ್ಟಾ ಬರುತ್ತೆ."

ಅವನು ಖಾಲಿ ಕುರ್ಚಿಗಳ ನಡುವೆ, ಪರದೆಗೆ ನೇರವಾಗಿ ನಿಂತ. ಪೇದೆ ಹಿಮ್ಮುಖವಾಗಿ ಓಡಿಬಂದ.

"ಅದೋ," ಎಂದಳು ಅಕ್ಕ.

ತಾಯಿ ಅವನತ್ತಲೇ ನೋಡುತ್ತಿದ್ದಳು. ಬಾಯಿ ತೆರೆದೇ ಇತ್ತು. ಆಡಿದ ಮಾತನ್ನು ಒಂದೊಂದಾಗಿ ಒಳಕ್ಕೆ ತೆಗೆದುಕೊಂಡಳು. ಫೋಟೋದಲ್ಲಿದ್ದಂತೆ ತುಟಿ ಮುಚ್ಚಿದಳು. ಆಮೇಲೆ ಬೆನ್ನು ತಿರುಗಿಸಿದಳು.